ಒಳಗೇ ಉಳಿದ ಸೇತೋಕು

ಎಲ್ಲಕ್ಕೂ ಕಾರಣ ಒಂದು ಲೋಟ ಅವಾಮೋರಿ. ಅದನ್ನು ಹಿರಿಯರ ಸಮಾಧಿಯ ಮುಂದಿಟ್ಟು ಕೈಮುಗಿದು, ಆಮೇಲೆ ನೆಲಕ್ಕೆ ಚೆಲ್ಲಬೇಕಿತ್ತು. ಒಳ್ಳೆಯ ಹೆಂಡವನ್ನು ಮಣ್ಣುಪಾಲು ಮಾಡಲು ಇರಾಹ ಸೇತೋಕುಗೆ ಮನಸ್ಸು ಬರಲಿಲ್ಲ. ಅತ್ತಿತ್ತ ನೋಡಿ ತಾನೇ ಕುಡಿದುಬಿಟ್ಟ.

ಅದು 1984ರ ಏಪ್ರಿಲ್ ತಿಂಗಳು, ಹಿರಿಯರ ಹಬ್ಬದ ಶನಿವಾರ. ದಕ್ಷಿಣ ಜಪಾನಿನ ಈ ದ್ವೀಪದಲ್ಲಿ ನಮ್ಮ ಇಷಿಬಾರಿನವರ ಸಮಾಧಿಗಳೆಲ್ಲ ಅಮೆರಿಕನ್ನರ ಸೇನಾನೆಲೆಯ ಬೇಲಿಯೊಳಗಿವೆ. ಯುದ್ಧ ಮುಗಿದಾಗ ಊರನ್ನು ಬುಲ್ಡೋಜರಿನಿಂದ ಸವರಿ ಚಪ್ಪಟೆ ಮಾಡಿದರು. ಸಮಾಧಿಗಳ ಗುಡ್ಡವೊಂದನ್ನು ಮಾತ್ರ ಹಾಗೇ ಬಿಟ್ಟರು. ವರ್ಷಕ್ಕೊಮ್ಮೆ ಒಳಗೆ ಹೋಗಿ ಪೂಜೆ ಮಾಡಿ, ಅಲ್ಲೇ ಉಂಡು ಬರಬಹುದು. ಆದರೆ ಮೊದಲೇ ಪಟ್ಟಿ ಕೊಡಬೇಕು. ಇರಾಹ ಮನೆತನ, ಒಂಬತ್ತು ಜನ ಎಂದು ಬರೆಸಿದರೆ ಒಂಬತ್ತು ಜನ ಒಳಗೆ, ಒಂಬತ್ತು ಜನ ಹೊರಗೆ. ಒಂದು ತಲೆ ಹೆಚ್ಚುಕಡಿಮೆಯಾದರೂ ಮುಂದಿನ ವರ್ಷ ಇಡೀ ಊರಿಗೆ ಅನುಮತಿ ಇಲ್ಲ, ನಲವತ್ತು ಮನೆಗಳ ಹಿರಿಯರು ಉಪವಾಸ.

"ಎಲ್ಲೂ ಅಲೆಯಬೇಡ. ನಾಲ್ಕು ಗಂಟೆಗೆ ಗಾಡಿ ಹೊರಡುತ್ತೆ," ಎಂದು ಅಕ್ಕ ಉಶಿ ಬೆಳಗ್ಗೆಯೇ ಗದರಿದ್ದಳು. ಎಪ್ಪತ್ತರ ಉಶಿಯ ದನಿಗೆ ಗುಡ್ಡದ ಆಚೆಯ ಸೈನಿಕರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅರವತ್ತೆರಡಾದರೂ ಸೇತೋಕು ಅವಳಿಗೆ ಇನ್ನೂ ಮೂಗು ಒರೆಸಬೇಕಾದ ತಮ್ಮ.

ಆದರೂ ಅವನು ಅಲೆದ. ಬೇಯಿಸಿದ ಹಂದಿಮಾಂಸ, ಗಂಟು ಕಟ್ಟಿದ ಕಡಲಪಾಚಿ, ಕರಿದ ತೋಫು ಎಲ್ಲ ಮುಗಿದ ಮೇಲೆ ಮೆಲ್ಲಗೆ ಜಾರಿಕೊಂಡು ಗುಡ್ಡದ ಕೆಳಗಿನ ಫುಕುಗಿ ಮರದ ಬುಡಕ್ಕೆ ಬಂದ. ಮನೆಗೆ ಗಾಳಿ ಬಡಿಯದಂತೆ ಹಿಂದೆ ನಮ್ಮವರು ಸುತ್ತಲೂ ಫುಕುಗಿ ನೆಡುತ್ತಿದ್ದರು. ಈಗ ಉಳಿದಿದ್ದದ್ದು ಇದೊಂದೇ. ಇದು ತನ್ನ ಮನೆಯ ಮರ ಎಂಬುದರಲ್ಲಿ ಸೇತೋಕುಗೆ ಸಂಶಯವಿರಲಿಲ್ಲ. ಜಮೀನಿನ ಕಾಗದಗಳೆಲ್ಲ ಯುದ್ಧದಲ್ಲಿ ಸುಟ್ಟಿದ್ದವು. ಆಮೇಲೆ ಎಲ್ಲರೂ ನೆನಪಿನಿಂದ ಗೆರೆ ಎಳೆದು ತಮ್ಮ ತಮ್ಮ ಜಾಗ ಬರೆಸಿಕೊಂಡಾಗ ಇವನು ಈ ಮರವನ್ನೇ ತೋರಿಸಿದ್ದ.

ಈಗ ಅಲ್ಲಿ ಸೈನಿಕರ ಬೇಸ್‌ಬಾಲ್ ಮೈದಾನ. ಮೂರನೇ ಬೇಸ್ ಇದ್ದದ್ದು ಅವನ ಲೆಕ್ಕದಲ್ಲಿ ಅಡುಗೆಮನೆ. ಅಮ್ಮ ಅಲ್ಲಿ ಗೆಣಸು ಬೇಯಿಸುತ್ತಿದ್ದಳು. ಹಬೆ ಎದ್ದಾಗ ಪಕ್ಕದ ಕೊಟ್ಟಿಗೆಯ ಹಂದಿಯೂ ತನ್ನನ್ನೇ ಕರೆದರೆಂದು ಗುಟುರು ಹಾಕುತ್ತಿತ್ತು. ಅವನು ಮರವನ್ನು ತಬ್ಬಿ ಒಂದಿಷ್ಟು ಅತ್ತ. ಪ್ರತಿವರ್ಷವೂ ಅಳುತ್ತಿದ್ದ. ಈ ಸಲ ಅವಾಮೋರಿ ಸೇರಿದ್ದರಿಂದ ಅಳು ಹಾಗೆಯೇ ನಿದ್ದೆಗೆ ತಿರುಗಿತು.

"ಇಲ್ಯಾಕೋ ಮಲ್ಗಿದ್ದೀಯಾ ನನ್ನ ಕಂದಾ? ಥಂಡಿ ಹಿಡಿಯಾಕಿಲ್ವೇನೋ? ಹೊಟ್ಟೆಗೇನಾರ ಬಿತ್ತೇನೋ ಬಂಗಾರ?"

ಸೇತೋಕು ಕಣ್ಣು ಬಿಡದೆಯೇ ನಡುಗಿದ. ಇಷಿಬಾರಿನ ಹಳೇ ಮಾತು! ಅಮ್ಮ ಸತ್ತ ಮೇಲೆ ಇಷ್ಟು ಅಚ್ಚುಕಟ್ಟಾಗಿ ಯಾರ ಬಾಯಲ್ಲೂ ಕೇಳಿರಲಿಲ್ಲ. "ಅಮ್ಮಾ, ಬಂದೆ," ಎಂದು ಕಣ್ಣು ಬಿಟ್ಟರೆ ಎದುರಿಗೆ ಆರಡಿಯ ಅಮೆರಿಕನ್ ಸಾರ್ಜೆಂಟ್, ಕೈಯಲ್ಲಿ ಚೆಂಡು.

ಸಾರ್ಜೆಂಟನ ಹೆಸರು ಗನೆಕೊ. ಹವಾಯಿಯಲ್ಲಿ ಹುಟ್ಟಿದವನು. ಇಷಿಬಾರಿನಿಂದ ಕಬ್ಬಿನ ತೋಟಕ್ಕೆ ವಲಸೆ ಹೋದ ಅಜ್ಜಿ ಅವನನ್ನು ಸಾಕಿದ್ದಳು. ಹಾಗಾಗಿ ನಮ್ಮ ಮಾತಿನಲ್ಲಿ ಅವನಿಗೆ ಗೊತ್ತಿದ್ದದ್ದು ಅಜ್ಜಿ ಮೊಮ್ಮಗನಿಗೆ ಆಡುವ ಮಾತು ಮಾತ್ರ.

"ಗಂಟೆ ಎಷ್ಟು?" ಎಂದ ಸೇತೋಕು.

"ನಾಕೂವರೆ ಆಯ್ತು ಕಣೋ ಮರೀ. ಎಲ್ಲೋ ನಿನ್ನ ಚೀಟಿ?"

ಒಳಗೆ ಬರಲು ಕೊಟ್ಟಿದ್ದ ಚೀಟಿ ಉಶಿಯ ಕೈಚೀಲದಲ್ಲಿತ್ತು. ಉಶಿಯ ವ್ಯಾನು ನಾಲ್ಕಕ್ಕೇ ಹೋಗಿತ್ತು. ತಮ್ಮ ಹಿಂದಿನ ಟ್ರಕ್ಕಿನಲ್ಲಿದ್ದಾನೆ ಎಂದು ಅವಳು, ವ್ಯಾನಿನಲ್ಲಿದ್ದಾನೆ ಎಂದು ಟ್ರಕ್ಕಿನವರು ತಿಳಿದಿದ್ದರು.

ಗನೆಕೊ ಅವನನ್ನು ಗೇಟಿಗೆ ಕರೆದುಕೊಂಡು ಹೋದ. ಗೇಟಿನ ನೆಲದ ಮೇಲೆ ಅಡ್ಡಕ್ಕೆ ಹಳದಿ ಗೆರೆ. ಆಚೆ ಕಡೆ ನಮ್ಮ ಪೊಲೀಸ್ ಚೌಕಿಯ ತಮನಾಹ ನಿಂತಿದ್ದ. ಬೂಟಿನ ತುದಿ ಗೆರೆಗೆ ತಾಗಬಾರದೆಂದು ಅವನು ಸದಾ ಒಂದು ಗೇಣು ಹಿಂದೆಯೇ ನಿಲ್ಲುತ್ತಿದ್ದ.

ಗನೆಕೊ ಪುಸ್ತಕ ತೆರೆದ. ಇರಾಹ ಮನೆತನ, ಒಳಗೆ ಒಂಬತ್ತು, ಹೊರಗೆ ಒಂಬತ್ತು.

"ನೀನು ಹೊರಗೆ ಹೋಗಿದ್ದೀಯಲ್ಲೋ ಕಂದಾ!"

"ಹೋಗಿದ್ರೆ ನಾನು ಇಲ್ಲಿರ್ತಿದ್ನಾ?"

"ಹಾಗಾದ್ರೆ ಬೇಲಿ ಹಾರಿ ಬಂದ ಬೇರೆ ಯಾರೋ ನೀನು."

ಸೇತೋಕುಗೆ ರೇಗಿತು. "ಬೇಲಿ ಹಾರಕ್ಕೆ ನಾನೇನು ಕಳ್ಳನಾ? ನನ್ನ ನೆಲದಲ್ಲಿ ನಾನು ಮಲಗಿದ್ದೆ! ಏ ತಮನಾಹ, ಹೇಳಯ್ಯಾ ಇವನಿಗೆ, ಈ ನೆಲ ಯಾರದು ಅಂತ!"

ತಮನಾಹ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾವ, ನೆಲ ನಿಮ್ಮದೇ. ಆದ್ರೆ ನೀವು ಅದನ್ನ ಸರ್ಕಾರಕ್ಕೆ ಗುತ್ತಿಗೆ ಕೊಟ್ಟಿದೀರಿ. ಸರ್ಕಾರ ಇವರಿಗೆ ಬಳಸಕ್ಕೆ ಕೊಟ್ಟಿದೆ. ದೇಶ ಜಪಾನು, ಕಾವಲು ಅಮೆರಿಕ, ಮಾಲೀಕ ನೀವು."

"ಮತ್ತೆ? ಮಾಲೀಕನಿಗೆ ಮಲಗೋ ಹಕ್ಕಿಲ್ವಾ?"

"ಮಾಲೀಕರಾಗಿರೋ ಹಕ್ಕಿದೆ ಮಾವ. ಅಲ್ಲಿ ಇರೋ ಹಕ್ಕಿಲ್ಲ."

ಗನೆಕೊ ಮೇಲಧಿಕಾರಿಗೆ ಫೋನು ಮಾಡಿದ. ಅತಿಕ್ರಮಣ ಮಾಡಿದವನನ್ನು ಜಪಾನಿನ ಪೊಲೀಸರಿಗೆ ಒಪ್ಪಿಸು ಎಂದು ಅಪ್ಪಣೆಯಾಯಿತು. "ತಗೋಳೋ ಮಗಾ," ಎಂದು ಅವನು ಸೇತೋಕುವನ್ನು ಗೆರೆಯವರೆಗೆ ತಳ್ಳಿದ. ತಮನಾಹ ಎರಡು ಹೆಜ್ಜೆ ಹಿಂದೆ ಸರಿದ.

"ನಾನು ತಗೊಂಡ್ರೆ ಬರೀಬೇಕಾಗುತ್ತೆ. ಯಾವ ಕಡೆಯಿಂದ ನುಗ್ಗಿದ್ರು ಅಂತ ಕೇಳ್ತಾರೆ. ಚೀಟಿ ತೋರಿಸಿ ಬಂದಿದ್ರು ಅಂದ್ರೆ ಅತಿಕ್ರಮಣವೇ ಅಲ್ಲ. ಆಗ ಇವರ ಬದಲು ಹೊರಗೆ ಹೋದವರು ಯಾರು ಅನ್ನೋ ಪ್ರಶ್ನೆ ಬರುತ್ತೆ. ಅದು ಬಂದ್ರೆ ಊರಿನ ಅನುಮತಿ ಹೋಗುತ್ತೆ. ನಮ್ಮಪ್ಪನ ಸಮಾಧಿಯೂ ಒಳಗೇ ಇದೆ."

ಸೇತೋಕುವಿನ ಬಲಗಾಲು ಗೆರೆಯ ಮೇಲಿತ್ತು, ಎಡಗಾಲು ಒಳಗೆ. ಹಿಂದೆ ಸಂಜೆಯ ಬಾವುಟ ಇಳಿಸುವ ಕಹಳೆ ಮೊಳಗಿತು. ಗನೆಕೊ ನೆಟ್ಟಗೆ ನಿಂತು ಸಲಾಮು ಹೊಡೆದ. ಆಚೆ ತಮನಾಹನೂ ನೆಟ್ಟಗಾದ. ಇಬ್ಬರೂ ನೆಟ್ಟಗೆ ನಿಂತರಲ್ಲಾ ಎಂದು ಸೇತೋಕುವೂ ನಿಂತ.

ಅಷ್ಟರಲ್ಲಿ ತಮನಾಹ ಫೋನು ಮಾಡಿ ಕರೆಸಿದ್ದ ಉಶಿ ಬಂದಳು. ಅವಳ ಬೆನ್ನಿಗೆ ಅಂಟಿಕೊಂಡು ಇನ್ನೊಬ್ಬ ಹೆಂಗಸು. ಅದು ಕಮದೊ, ನೆಲೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿರುವವಳು. ಹಬ್ಬದ ದಿನ ಬೇಗ ಮನೆ ಸೇರುವ ಆಸೆಯಿಂದ, ಹೊರಹೋಗುವಾಗ ಒತ್ತಬೇಕಾದ ಕಾರ್ಡು ಒತ್ತದೆ, ಉಶಿಯ ವ್ಯಾನು ಹತ್ತಿ ಹೊರಬಿದ್ದಿದ್ದಳು. ಒಂಬತ್ತನೆಯ ತಲೆ ಅವಳದೇ.

"ಅಕ್ಕಾ!" ಎಂದು ಸೇತೋಕು ಎರಡೂ ಕೈ ಚಾಚಿದ.

ಉಶಿಯ ಮುಖ ಬಿರುಗಾಳಿಯ ದಿನ ಮುಚ್ಚಿದ ಕಿಟಕಿಯಂತಿತ್ತು. "ಯಾರಿಗಯ್ಯಾ ಅಕ್ಕ? ನನ್ನ ತಮ್ಮ ನಾಲ್ಕು ಗಂಟೆಗೇ ನಮ್ಮ ಜೊತೆ ಬಂದು ಮನೇಲಿ ಗೊರಕೆ ಹೊಡೀತಿದಾನೆ. ಇಂಥ ಮುಖ ನಮ್ಮ ಮನೆತನದಲ್ಲೇ ಇಲ್ಲ!"

"ಅಕ್ಕಾ, ನಾನು ಕಣೇ, ಸೇತೋಕು!"

"ಸುಮ್ನಿರು. ನಲವತ್ತು ಮನೆಯ ಹಿರಿಯರಿಗಿಂತ ನೀನು ದೊಡ್ಡವನಾ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದವಳು ಮತ್ತೆ ದನಿಯೆತ್ತಿದಳು. "ಯಾರೋ ಏನೋ, ಪಾಪ!"

ಸೇತೋಕು ಅವಳ ಮುಖ ನೋಡಿದ. ಅವಳ ಕಣ್ಣು ಗುಡ್ಡದ ಕಡೆಗೇ ಇತ್ತು. ಗುಡ್ಡದ ಮೇಲೆ ಅಪ್ಪ, ಅಮ್ಮ, ಯುದ್ಧದಲ್ಲಿ ತೀರಿಕೊಂಡ ಇಬ್ಬರು ತಂಗಿಯರು ಇದ್ದರು. ಅವನು ಚಾಚಿದ ಕೈ ಇಳಿಸಿ, "ನಾನು ಯಾರೂ ಅಲ್ಲ," ಎಂದ.

ಗನೆಕೊ ಮೂಗು ಒರೆಸಿಕೊಂಡ. ಅವನ ಅಜ್ಜಿಯ ಅಪ್ಪನೂ ಅದೇ ಗುಡ್ಡದಲ್ಲಿ ಮಲಗಿದ್ದ.

ಆಗಲೇ ಫೋನು ರಿಂಗಾಯಿತು. ಕಾರ್ಖಾನೆಯಿಂದ. ಸೋಮವಾರದ ಕವಾಯತಿಗೆ ಅರವತ್ತು ಅಂಗಿ ಇಸ್ತ್ರಿಯಾಗಬೇಕು, ಕಮದೊ ಕಾಣುತ್ತಿಲ್ಲ, ಕಾರ್ಡು ನೋಡಿದರೆ ಒಳಗೇ ಇದ್ದಾಳೆ, ಎಲ್ಲಿ? ಕಮದೊ ಉಶಿಯ ಬೆನ್ನ ಹಿಂದೆ ಇನ್ನಷ್ಟು ಕುಗ್ಗಿದಳು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು.

ಗನೆಕೊ ಹಬ್ಬದವರ ಪುಸ್ತಕ, ಕೆಲಸದವರ ಪುಸ್ತಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಮುಖ ಅರಳಿತು.

"ಪುಸ್ತಕದ ಪ್ರಕಾರ ಒಳಗೆ ಒಬ್ರು ಉಳಿದಿರಬೇಕು. ಒಬ್ರು ಉಳಿದಿದಾರೆ. ತಪ್ಪೇ ಇಲ್ವಲ್ಲೋ ಬಂಗಾರ!"

ಕಮದೊಳ ಕಾರ್ಡು ಗೆರೆ ದಾಟಿ ಸೇತೋಕುವಿನ ಕೈಗೆ ಬಂತು. ಅದರ ಫೋಟೊ ಮೂವತ್ತು ವರ್ಷ ಹಬೆಯಲ್ಲಿ ಬೆಂದು ಎಷ್ಟು ಮಾಸಿತ್ತೆಂದರೆ ಯಾರು ಬೇಕಾದರೂ ಅದಾಗಬಹುದಿತ್ತು. ಕಮದೊ ತನ್ನ ತಲೆವಸ್ತ್ರ ಬಿಚ್ಚಿ ಕೊಟ್ಟಳು. ತಮನಾಹ ಆಕಾಶ ನೋಡುತ್ತಿದ್ದ.

"ಇಸ್ತ್ರಿ ನಂಗೆ ಬರಲ್ಲ!" ಎಂದ ಸೇತೋಕು.

"ಹೋಗೋ ನನ್ನ ಮುದ್ದೂ. ಆರಕ್ಕೆ ಸೈರನ್ ಆಗ್ತದೆ, ಆಮೇಲೆ ಬೇಗ ಮನೆಗೆ ಹೋಗಿ ಉಣ್ಣು."

ಕಾರ್ಖಾನೆಯ ಮೇಲ್ವಿಚಾರಕಿ ಗೊಜೇ ನಮ್ಮೂರಿನವಳೇ. ತಲೆವಸ್ತ್ರದ ಕೆಳಗಿನ ಮೀಸೆಯನ್ನು ಒಂದು ಕ್ಷಣ ನೋಡಿ, ಏನೂ ಕೇಳದೆ ಇಸ್ತ್ರಿಪೆಟ್ಟಿಗೆ ಕೈಗೆ ಕೊಟ್ಟಳು. ಮೊದಲ ಅಂಗಿಯ ಕಾಲರು ಸುಟ್ಟಿತು. ಎರಡನೆಯದರ ತೋಳು ಒಳಗೆ ಸಿಕ್ಕಿಕೊಂಡಿತು. ಬೆವರು ಸುರಿಸುತ್ತಾ ಅವನು ಬಾಯ್ಲರಿನ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಹೇಗಿದ್ರೂ ನಿಮ್ಮನೆ ಬಾವಿಕಟ್ಟೆನೇ," ಎಂದಳು ಗೊಜೇ.

"ಏನು?"

"ನೀರು ಇದೆ ಅಂತಲೇ ಕಾರ್ಖಾನೆ ಇಲ್ಲಿ ಕಟ್ಟಿದ್ದು. ಈ ಬಾಯ್ಲರಿಗೆ ಈಗ್ಲೂ ನಿಮ್ಮ ಬಾವಿ ನೀರೇ."

ಸೇತೋಕು ಕೆಳಗೆ ನೋಡಿದ. ಕಲ್ಲಿನ ಅಂಚಿನಲ್ಲಿ ಹಗ್ಗ ಸವೆದ ಐದು ಗೀರು. ಅದರ ಪಕ್ಕ ಅಂಗೈಯಗಲ ಚೂರು ಹಾರಿತ್ತು. ಎಂಟು ವರ್ಷದವನಿದ್ದಾಗ ಅಜ್ಜಿಯ ಕಬ್ಬಿಣದ ಬೋಗುಣಿಯನ್ನು ಅದರ ಮೇಲೆ ಎತ್ತಿಹಾಕಿದವನು ಅವನೇ. ಅಮ್ಮ ಹೊಡೆಯಲು ಓಡಿಬಂದವಳು ಅವನ ಕಾಲಿಗೆ ಪೆಟ್ಟಾಯಿತೇ ಎಂದು ನೋಡಿದ್ದಳು. ಅವನು ಆ ಜಾಗವನ್ನು ಬೆರಳಿನಿಂದ ಸವರಿದ. ನಲ್ಲಿಯಿಂದ ಬೊಗಸೆ ನೀರು ಹಿಡಿದು ಕುಡಿದ. ಸುಣ್ಣಗಲ್ಲಿನ ಅದೇ ಒಗರು.

"ಮತ್ತೆ ಆ ಫುಕುಗಿ ಮರ?"

"ಅದು ಅರಕಾಕಿಯವರ ಮನೇದು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?"

"ಕಿಟಕಿಯಿಂದ ನೋಡ್ತಿದ್ವಿ. ಪ್ರತಿವರ್ಷ ಬಂದು ಅರಕಾಕಿಯವರ ಮರ ತಬ್ಬಿಕೊಂಡು ಅಳ್ತಿದ್ರಿ. ಅಳೋರಿಗೆ ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಿದ್ವಿ."

ತನ್ನ ಪಾಲಿಗೆ ಬಂದ ಉಳಿದ ಅಂಗಿಗಳನ್ನು ಅವನು ಹೇಗೆ ಮುಗಿಸಿದನೋ ಅವನಿಗೇ ತಿಳಿಯಲಿಲ್ಲ. ಹಬೆ ಎದ್ದಾಗಲೆಲ್ಲ ಗೆಣಸಿನ ವಾಸನೆ ಬಂದಂತಾಗುತ್ತಿತ್ತು. ಸೈರನ್ ಕೂಗಿದಾಗ ಎಲ್ಲರಿಗಿಂತ ಕೊನೆಗೆ ಎದ್ದವನು ಅವನೇ. ಹಬ್ಬದ ಚೀಟಿ ಗುಡ್ಡದವರೆಗೆ ಮಾತ್ರ. ಈ ಬಾಗಿಲಿಗೆ ಕೆಲಸದವರ ಕಾರ್ಡೇ ಬೇಕು. ಕಾಗದದಲ್ಲಿ ಅವನು ಅರಕಾಕಿಯವರ ಮರದ ಮಾಲೀಕ. ಇಲ್ಲಿ ಯಾರೂ ಅಲ್ಲ.

ಗೇಟಿನ ಆಚೆ ಕಮದೊ ಕಾಯುತ್ತಿದ್ದಳು. ಅವನು ಗೆರೆ ದಾಟುತ್ತಲೇ ಕಾರ್ಡು ಕಿತ್ತುಕೊಂಡು, ತಲೆವಸ್ತ್ರವನ್ನೂ ಎಳೆದುಕೊಂಡಳು.

ಸೇತೋಕು ಅಲ್ಲಾಡಲಿಲ್ಲ. ಒಂದೆರಡು ಸಲ ಗಂಟಲು ಸರಿಮಾಡಿಕೊಂಡ.

"ಕಮದೊ ಅಕ್ಕಾ, ನಿಮಗೆ ನಾಳೆ ಒಂಚೂರು ಜ್ವರ ಬರಬಹುದಾ?"

"ಯಾಕೆ ಬರುತ್ತೆ? ನಂಗೆ ಮೂವತ್ತು ವರ್ಷದಿಂದ ಜ್ವರ ಬಂದಿಲ್ಲ!" ಎಂದು ಕಾರ್ಡನ್ನು ಎದೆಗೆ ಸಿಕ್ಕಿಸಿಕೊಂಡು ಅವಳು ಸರಸರನೆ ನಡೆದಳು.

"ಸೋಮವಾರ?" ಎಂದು ಸೇತೋಕು ಅವಳ ಹಿಂದೆಯೇ ಓಡಿದ.