ಧಾರೆ ಗಿಂಡಿಯ ಭಯ

ಕೆಲವರಿಗೆ ಹಾವಿನ ಭಯ, ಕೆಲವರಿಗೆ ಸಿಡಿಲಿನ ಭಯ. ದೊಡ್ಡ ಎಸ್ಟೇಟಿನ ರೈಟರಾಗಿ ನೂರಾರು ಆಳುಗಳ ಹಾಜರಿ ಕೂಗುವ ನಮ್ಮ ಯಜಮಾನರಿಗೆ ಹಲ್ಲಿಯ ಭಯ. ಐವತ್ತು ದಾಟಿದ ಮೇಲೆ ನನಗೆ ಅಂಟಿಕೊಂಡದ್ದು ನೀರಿನ ಸದ್ದಿನ ಭಯ. ಯಾರಾದರೂ ಕೊಳಾಯಿ ತಿರುಗಿಸಿದರೆ, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದರೆ, ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು ಕೈ ತೊಳೆದರೆ ಸಾಕು, ನನ್ನೊಳಗಿನ ಕೊಳಾಯಿಯೂ ನಾನೂ ಬಂದೆ ಅನ್ನುತ್ತಿತ್ತು. ನಾನು ಓಡಿ ಬಾಗಿಲು ಮುಟ್ಟುವಷ್ಟರಲ್ಲಿ ನಾಲ್ಕು ಹನಿ ನನಗಿಂತ ಮೊದಲೇ ಹೊರಟಿರುತ್ತಿದ್ದವು. ವರ್ಷದಲ್ಲಿ ಐದು ತಿಂಗಳು ಆಕಾಶವೇ ಸೋರುವ ಮೂಡಿಗೆರೆಯಲ್ಲಿದ್ದುಕೊಂಡು ಇಂಥ ಭಯ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ನೀವೇ ಯೋಚಿಸಿ.

ಮುಟ್ಟು ನಿಂತು ಆಗ ಎರಡು ವರ್ಷವಾಗಿತ್ತು. ನಿಂತಾಗ ಅಂಥ ಖುಷಿಯಾಗಿತ್ತು, ಮನೆಯಲ್ಲಿ ಕಾರಣ ಹೇಳದೆ ಹೋಳಿಗೆ ಮಾಡಿದ್ದೆ. ಆ ಹೋಳಿಗೆ ಅರಗುವ ಮೊದಲೇ ಒಂದೊಂದಾಗಿ ಶುರುವಾಯಿತು: ಕೆಳಗೆಲ್ಲ ಒಣಕಲು, ತುರಿಕೆ, ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ಅರೆದಂಥ ಉರಿ. ಯಜಮಾನರು ಹತ್ತಿರ ಬಂದರೆ ತಲೆನೋವು ಅಂತಿದ್ದೆ. ಅವರು ಪಾಪ, ಪೇಟೆಯಲ್ಲಿ ಸಿಕ್ಕಿದ ತಲೆನೋವಿನ ಮುಲಾಮುಗಳನ್ನೆಲ್ಲ ತಂದು ಗೂಡಿನಲ್ಲಿ ಸಾಲಾಗಿ ಜೋಡಿಸಿಟ್ಟರು. ನೋವು ತಲೆಯದಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇದರಲ್ಲಿ ನಾಚಿಕೆಗೇಡಿನ ವಿಷಯ ಏನೆಂದರೆ ನಾನು ವಿಜ್ಞಾನದ ಟೀಚರು. ಮನುಷ್ಯನ ದೇಹದ ಪಟ ತೂಗುಹಾಕಿ, ಬೆತ್ತ ಹಿಡಿದು ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಗಡಗಡ ಪಾಠ ಮಾಡುತ್ತಿದ್ದೆ. ಅಲ್ಲಿಂದ ಕೆಳಗೆ ನನ್ನ ಬೆತ್ತ ಇಳಿದದ್ದೇ ಇಲ್ಲ.

ನನಗೆ ನಾನೇ ವೈದ್ಯೆಯಾದೆ. ಒಳಗೆ ಹಾಕಿದರೆ ತಾನೇ ಹೊರಗೆ ಬರುವುದು ಎಂದು ಮೊದಲು ನೀರು ಕಡಿಮೆ ಮಾಡಿದೆ, ಆಮೇಲೆ ಕಾಫಿ ಬಿಟ್ಟೆ. ಕಾಫಿ ಸೀಮೆಯಲ್ಲಿ ಕಾಫಿ ಬಿಡುವುದೆಂದರೆ ಸಣ್ಣ ಮಾತಲ್ಲ. ಯಾರ ಮನೆಗೆ ಹೋದರೂ ಲೋಟ ಮುಂದೆ ಬರುತ್ತದೆ, ಬೇಡ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಕಾರಣ ಹೇಳಲಾರದೆ ನಾನು ತಡವರಿಸುವುದನ್ನು ನೋಡಿ ಜನ ತಾವೇ ತೀರ್ಮಾನಿಸಿದರು: ಮಗಳು ಸುಮಿತ್ರೆಗೆ ಗಂಡು ಸಿಗಲಿ ಎಂದು ಟೀಚರು ಹೊರನಾಡಮ್ಮನಿಗೆ ಹರಕೆ ಹೊತ್ತಿದ್ದಾರೆ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಎರಡೇ ತಿಂಗಳಲ್ಲಿ ಗಂಡು ನಿಕ್ಕಿಯಾಗಿಬಿಟ್ಟಿತು! ಬೀದಿಯ ಇಬ್ಬರು ತಾಯಂದಿರು ಮರುದಿನವೇ ಕಾಫಿ ಬಿಟ್ಟರು.

ಎಲ್ಲರೂ ಸಂಭ್ರಮದಲ್ಲಿದ್ದರೆ ನನಗೆ ಕಂಡದ್ದು ಧಾರೆಯ ಗಿಂಡಿ ಮಾತ್ರ. ಮದುವೆ ಎಂದರೆ ಧಾರೆ. ಹುಡುಗನ ಬೊಗಸೆ, ಅದರ ಮೇಲೆ ಮಗಳ ಕೈ, ಕೈಯಲ್ಲಿ ತೆಂಗಿನಕಾಯಿ. ಅದರ ಮೇಲೆ ಹೆಣ್ಣಿನ ತಾಯಿ ಗಿಂಡಿಯಿಂದ ಸಣ್ಣಗೆ ನೀರು ಬಿಡಬೇಕು, ಮಂತ್ರ ಮುಗಿಯುವವರೆಗೂ ಎಳೆ ಕಡಿಯಬಾರದು. ನೀರಿನ ಸದ್ದಿಗೆ ಓಡುವ ಹೆಂಗಸು ಐನೂರು ಜನರ ಎದುರು, ರೇಷ್ಮೆ ಸೀರೆಯಲ್ಲಿ, ಸ್ವಂತ ಕೈಯಿಂದ ನೀರು ಸುರಿಸುತ್ತಾ ನಿಲ್ಲಬೇಕು! ಇದಕ್ಕಿಂತ ಕಠಿಣ ಪರೀಕ್ಷೆಯನ್ನು ನನಗಾಗಿ ಯಾರೂ ಹುಡುಕಲು ಸಾಧ್ಯವಿರಲಿಲ್ಲ.

ನಾದಿನಿಗೆ ಒಪ್ಪಿಸಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಹಾಗೆ ತಪ್ಪಿಸಿಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಮದುವೆಯಲ್ಲಿ ನಮ್ಮಮ್ಮ ಧಾರೆ ಎರೆಯಲಿಲ್ಲ. ಕಡೇ ಗಳಿಗೆಯಲ್ಲಿ ತಲೆಸುತ್ತು ಎಂದು ಒಳಗೆ ಹೋಗಿ ಮಲಗಿದಳು; ಚಿಕ್ಕಪ್ಪ ಚಿಕ್ಕಮ್ಮ ಎರೆದರು. ಅಳಿಯ ತೋಟದ ಯಜಮಾನನಲ್ಲ, ಬರೀ ರೈಟರು, ಅದಕ್ಕೇ ಅತ್ತೆಗೆ ತಲೆ ಸುತ್ತಿತು ಎಂದು ಗಂಡಿನ ಕಡೆಯವರು ಆಡಿಕೊಂಡರು. ನಾನೂ ಹಾಗೇ ನಂಬಿದೆ. ನಮ್ಮ ಯಜಮಾನರು ಅವತ್ತಿನಿಂದ ವಸ್ತಾರೆಯ ಅತ್ತೆಮನೆಯಲ್ಲಿ ಒಂದು ಸಲ ಬಡಿಸಿದ್ದನ್ನು ಉಂಡು ಎದ್ದವರೇ ಹೊರತು ಎರಡನೇ ಸಲ ಬಡಿಸಿಕೊಂಡವರಲ್ಲ. ಅಂಥ ಇಪ್ಪತ್ತೇಳು ವರ್ಷಗಳನ್ನು ನನ್ನ ಮಗಳಿಗೂ ಕೊಡಲು ನನಗೆ ಮನಸ್ಸು ಬರಲಿಲ್ಲ.

ನನ್ನನ್ನು ಹಿಡಿದದ್ದು ಪಕ್ಕದ ಮನೆಯ ಜುಲೇಖಾಬಿ. ಅವಳ ಗಂಡ ಜೀಪು ರಿಪೇರಿ ಮಾಡುವವನು, ಅವಳು ಮನುಷ್ಯರನ್ನು. ಬೇಲಿಯಾಚೆ ಅವಳು ಪಾತ್ರೆ ತೊಳೆಯಲು ಕೂತಾಗಲೆಲ್ಲ ನಾನು ಓಡುವುದನ್ನು ತಿಂಗಳುಗಟ್ಟಲೆ ನೋಡಿದ್ದಳಂತೆ.

"ಟೀಚ್ರೇ, ನಂಗೂ ಹಿಂಗೇ ಆಗಿತ್ತು ಮಾರಾಯ್ತಿ. ಚಿಕ್ಕಮಗಳೂರಲ್ಲಿ ಲೇಡಿ ಡಾಕ್ಟ್ರಿದಾರೆ, ನಾಳೆ ಹೋಗುವ" ಅಂದಳು.

"ಎಂತ ಆಗಿತ್ತು?" ಎಂದೆ ನಾನು, ಏನೂ ತಿಳಿಯದವಳ ಹಾಗೆ.

"ಅದೇ, ನಿಮಗೆ ಎಂತ ಆಗಿಲ್ಲ ಅಂತೀರೋ ಅದು" ಅಂದಳು.

ಡಾಕ್ಟರಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವರು. ಉರಿ ಎಲ್ಲಿ, ರಕ್ತ ಹೋಗುತ್ತದಾ, ಎದೆಯಲ್ಲಿ ಗಂಟಿದೆಯಾ, ಗಂಡನ ಜೊತೆ ಸೇರಿದರೆ ನೋವಾ ಎಂದು ಪೇಟೆಯಲ್ಲಿ ತರಕಾರಿ ವಿಚಾರಿಸಿದಷ್ಟು ಸಲೀಸಾಗಿ ಕೇಳಿದರು. ನಾನು ಎರಡು ಸಲ ತಿರುಗಿ ಬಾಗಿಲ ಚಿಲಕ ನೋಡಿದೆ. ಪರೀಕ್ಷೆ ಮಾಡಿದರು, ಮೂತ್ರವನ್ನೂ ಪರೀಕ್ಷೆಗೆ ಕಳಿಸಿದರು. ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದರು. ನನ್ನ ಬೆತ್ತ ನಿಲ್ಲುತ್ತಿದ್ದ ಜಾಗದಿಂದ ಅವರ ಪೆನ್ನು ಶುರುವಾಯಿತು.

"ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆ ಆಗ್ತದೆ. ಯೋನಿಯ ಒಳಪದರ, ಮೂತ್ರದ ದಾರಿ ಎರಡೂ ತೆಳ್ಳಗಾಗಿ ಒಣಗ್ತವೆ. ಉರಿಯೂ ಅದಕ್ಕೇ, ಅವಸರವೂ ಅದಕ್ಕೇ. ನೀರು ಬಿಟ್ಟು ನೀವು ಉರಿ ಹೆಚ್ಚು ಮಾಡ್ಕೊಂಡಿದೀರಿ."

"ವಯಸ್ಸಾದ್ರೆ ಇದೆಲ್ಲ ಇದ್ದದ್ದೇ ಅಲ್ವಾ ಡಾಕ್ಟ್ರೇ?"

"ವಯಸ್ಸಾದ್ರೆ ಕಣ್ಣು ಮಂಜಾಗೋದೂ ಇದ್ದದ್ದೇ. ಕನ್ನಡಕ ಹಾಕ್ಕೊಂಡು ಬಂದಿದೀರಲ್ಲ?" ಅಂದರು.

ಎರಡು ವರ್ಷ ನಾನೊಬ್ಬಳೇ ಮಾಡಿದ ಪಾಪ ಎಂದು ಹೊತ್ತು ತಿರುಗಿದ್ದಕ್ಕೆ ಒಂದು ಕಾರಣವಿತ್ತು, ಚಿತ್ರವಿತ್ತು, ಔಷಧಿಯಿತ್ತು! ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಒಂದು ಕ್ರೀಮಿನ ಟ್ಯೂಬು, ಒಳಗೆ ಹಾಕಿಕೊಳ್ಳಲು ಒಂದು ನಳಿಕೆ. ಎರಡು ವಾರ ದಿನಾ ಮಲಗುವ ಮುಂಚೆ, ಆಮೇಲೆ ವಾರಕ್ಕೆರಡು ಸಲ. ಅಲ್ಲಿಗೆ ಸೋಪು ಮುಟ್ಟಿಸಬೇಡಿ, ನೀರು ಚೆನ್ನಾಗಿ ಕುಡಿಯಿರಿ, ಕಾಫಿ ದಿನಕ್ಕೊಂದು ಲೋಟ ಕುಡಿಯಬಹುದು ಅಂದರು. ಜೊತೆಗೆ ಒಂದು ಕಸರತ್ತು: ಮೂತ್ರ ತಡೆಯುವ ಹಾಗೆ ಒಳಗೊಳಗೇ ಬಿಗಿಹಿಡಿದು ಬಿಡುವುದು. ನೀರಿನ ಸದ್ದಾದರೆ ಓಡಬಾರದು. ನಿಂತಲ್ಲೇ ಬಿಗಿಹಿಡಿದು, ಅವಸರ ಇಳಿದ ಮೇಲೆ ನಿಧಾನಕ್ಕೆ ಹೋಗಬೇಕು. ಹರಕೆಯ ಮಾನ ಉಳಿಸಲು ಮದುವೆಯವರೆಗೂ ಕಾಫಿಯನ್ನು ನಾನು ಜುಲೇಖಾಬಿಯ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಡಿಯಬೇಕಾಯಿತು.

ಮೂರನೇ ವಾರದ ಹೊತ್ತಿಗೆ ಉರಿ ಇಳಿಯಿತು. ಒಂದು ಬೆಳಿಗ್ಗೆ ಬಚ್ಚಲಿಂದ ಹೊರಗೆ ಬಂದಾಗ ಏನೋ ಮರೆತಂತಾಗಿ ನಿಂತೆ; ಮರೆತದ್ದು ನೋವನ್ನು. ನನ್ನದೇ ಮೈಯ ಬಗ್ಗೆ ಅಂಥ ಬೆರಗು ನನಗೆ ಚೊಚ್ಚಲ ಹೆರಿಗೆಯಲ್ಲೂ ಆಗಿರಲಿಲ್ಲ. ಇನ್ನು ಉಳಿದದ್ದು ಗಿಂಡಿ. ದಿನಾ ಹಿತ್ತಲಲ್ಲಿ ಬಕೆಟ್ಟಿಗೆ ಗಿಂಡಿಯಿಂದ ಸಣ್ಣಗೆ ನೀರು ಬಿಡುತ್ತಾ ಬಿಗಿಹಿಡಿದು ನಿಲ್ಲತೊಡಗಿದೆ. ಯಜಮಾನರು ಇದನ್ನು ಧಾರೆಯ ಅಭ್ಯಾಸವೆಂದೇ ತಿಳಿದು, ಒಂದು ಸಂಜೆ ತೆಂಗಿನಕಾಯಿ ಹಿಡಿದು ಮದುಮಗನ ಹಾಗೆ ಬೊಗಸೆಯೊಡ್ಡಿ ನಿಂತರು. ನನಗೆ ನಗು ಬಂತು, ನಕ್ಕರೆ ಸೋರುವ ಭಯವಿತ್ತು, ಸೋರಲಿಲ್ಲ. ಆ ಧೈರ್ಯದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕಾಯಿ ಹಿಡಿದುಕೊಂಡೇ ಕೇಳಿದರು: "ಹಂಗಾದ್ರೆ ತಲೆನೋವು?"

"ಅದು ತಲೆಯದಾಗಿರಲಿಲ್ಲ."

ಅವರು ಒಳಗೆ ಹೋಗಿ ಮುಲಾಮಿನ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ, ಎಸ್ಟೇಟಿನ ಆಳುಗಳಿಗೆ ಹಂಚಲು ಎತ್ತಿಟ್ಟರು. "ಮೊದಲೇ ಹೇಳಬಾರದಿತ್ತಾ, ನಾನೇನು ಹುಲಿಯಾ?" ಅಂದರು. ಹಲ್ಲಿಗೆ ಹೆದರುವ ಮನುಷ್ಯನನ್ನು ಹುಲಿ ಎಂದುಕೊಂಡಿದ್ದವಳು ನಾನೇ.

ಮದುವೆಗೆ ಕರೆಯಲು ವಸ್ತಾರೆಗೆ ಹೋದೆ. ಅಮ್ಮನಿಗೆ ಎಪ್ಪತ್ತೆಂಟು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಟ್ಯೂಬಿನ ಕಥೆಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅಮ್ಮ ತಲೆಯೆತ್ತಲಿಲ್ಲ. ಒಂದು ಹಿಡಿ ಕಾಯಿ ಸುಲಿದಾದ ಮೇಲೆ ಕೇಳಿದಳು:

"ಆ ಔಷಧಿ ನಿನ್ನ ಮದುವೆ ಟೈಮಲ್ಲಿ ಇತ್ತೇನೇ?"

"ಗೊತ್ತಿಲ್ಲಮ್ಮ. ಯಾಕೆ?"

"ಅವತ್ತು ನಂಗೆ ತಲೆ ಸುತ್ತಿರ್ಲಿಲ್ಲ."

ಇಪ್ಪತ್ತೇಳು ವರ್ಷ! ಅಳಿಯನ ಮುನಿಸು, ನೆಂಟರ ಮಾತು, ಮಗಳ ಕೋಪ ಎಲ್ಲವನ್ನೂ ನುಂಗಿಕೊಂಡು, ಒಂದು ಒದ್ದೆ ಸೀರೆಯ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದಳು. ಅಳಿಯನನ್ನು ಕೀಳಾಗಿ ಕಂಡಳೆಂದು ನಾನು ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದ ಹೆಂಗಸು ಈ ಮನೆಯಲ್ಲಿ ಇರಲೇ ಇಲ್ಲ. ಅವಳ ಕಾಲು ಮುಟ್ಟಬೇಕೆನಿಸಿತು. ಮುಟ್ಟಿದರೆ ಅಳು ಬರುತ್ತದೆಂದು ಅವರೆ ಸಿಪ್ಪೆ ಗುಡಿಸಿದೆ. "ನಮ್ಮನೆಯವರಿಗೆ ಹೇಳಲಾ?" ಎಂದೆ. "ನನ್ನೆದುರಿಗೆ ಹೇಳ್ಬೇಡ" ಅಂದಳು.

ಧಾರೆಯ ದಿನ ಅಮ್ಮ ಜೀಪಿನಲ್ಲಿ ಬಂದಳು, ದಾರಿಯಲ್ಲಿ ಮೂರು ಕಡೆ ನಿಲ್ಲಿಸು ಎಂದು ಡ್ರೈವರಿಗೆ ಗಟ್ಟಿಯಾಗಿ ಹೇಳಿಯೇ ಬಂದಳು. ಎದುರಿನ ಸಾಲಿನಲ್ಲಿ ಕೂತಳು. ನಾನು ಗಿಂಡಿ ಎತ್ತಿದೆ. ನೀರು ಬಿತ್ತು, ಸದ್ದಾಯಿತು, ಒಳಗೆ ಒಮ್ಮೆ ಜಗ್ಗಿತು. ಬಿಗಿಹಿಡಿದೆ. ಜಗ್ಗಿದ್ದು ಇಳಿಯಿತು. ಎಳೆ ಕಡಿಯದೆ ನೀರು ಇಳಿಯುವುದನ್ನು ನೋಡುತ್ತಾ ನಾನು ಮೈಮರೆತು, ಮಂತ್ರ ಮುಗಿದರೂ ಸುರಿಯುತ್ತಲೇ ಇದ್ದೆ. "ಸಾಕು ನಿಲ್ಸಿಯಮ್ಮಾ, ಹುಡುಗ ನೆನೆದುಹೋದ" ಎಂದು ಪುರೋಹಿತರು ಕೂಗಿದ ಮೇಲೆಯೇ ಎಚ್ಚರವಾದದ್ದು. ನೋಡಿದರೆ ಅಳಿಯನ ಪಂಚೆ ಒದ್ದೆ. ನನ್ನ ಸೀರೆ ಒಣಗಿಯೇ ಇತ್ತು.

ಊಟದ ಹೊತ್ತಿಗೆ ಅಮ್ಮ ಹಟ ಮಾಡಿ ಪಾಯಸದ ಸೌಟು ಹಿಡಿದು ಬಂದಳು. ಹಿಂದಿನ ದಿನವಷ್ಟೇ ವಿಷಯ ತಿಳಿದಿದ್ದ ಯಜಮಾನರು ಎಲೆಯತ್ತಲೇ ನೋಡುತ್ತಾ, "ಇನ್ನೊಂದು ಸೌಟು ಹಾಕಿ ಅತ್ತೆ" ಅಂದರು. ಅಮ್ಮ ಒಂದು ಹಾಕಿದಳು, ಇನ್ನೊಂದು ಹಾಕಿದಳು. ಪಾಯಸ ಎಲೆ ದಾಟಿ ಹರಿಯಿತು. "ಸಾಕು ಅತ್ತೆ, ಸಾಕು!"

"ತಗೊಳ್ಳಿ, ಅವತ್ತು ಎರೆಯದೆ ಉಳಿದದ್ದು ಬಾಳ ಇದೆ" ಅಂದಳು ಅಮ್ಮ.

ಅಷ್ಟರಲ್ಲಿ ಹಿಂದೆ ಯಾರೋ ಕೈ ತೊಳೆಯಲು ಕೊಳಾಯಿ ತಿರುಗಿಸಿದರು. ಯಜಮಾನರ ಪಕ್ಕದಲ್ಲಿ ಕೂತಿದ್ದ ನಾನು ಹಳೇ ಅಭ್ಯಾಸಕ್ಕೆ ದಡಕ್ಕನೆ ಎದ್ದುನಿಂತೆ. ನಿಂತ ಮೇಲೆ ನೋಡಿದರೆ ಹೋಗಬೇಕಾಗಿಯೇ ಇರಲಿಲ್ಲ. ಎದ್ದವಳಿಗೆ ಒಂದು ಕಾರಣ ಬೇಕಲ್ಲ, ಪಾಯಸದ ಪಾತ್ರೆ ಹಿಡಿದು ಅಮ್ಮನ ಹಿಂದೆ ನಡೆದೆ.