ಮುಳ್ಳಿಲ್ಲದ ಮೀನಿನ ಸಾರು

ಬಾಲ್ಯದಲ್ಲಿ ಉಂಡದ್ದರ ರುಚಿಯನ್ನು ಯಾರಾದರೂ ಬಣ್ಣಿಸಿದರೆ ಅರ್ಧ ಮಾತ್ರ ನಂಬಬೇಕು. ಇದು ಪೆಟ್ಟು ತಿಂದವನ ಮಾತು. ಗೆಂಡೆಹಳ್ಳಿಯ ಸೋದರಮಾವನ ಮನೆಯಲ್ಲಿ ಅತ್ತೆ ಮಾಡುತ್ತಿದ್ದ ಮೀನಿನ ಸಾರನ್ನು ನಾನು ಮೂವತ್ತು ವರ್ಷಗಳಿಂದ ಅರಸೀಕೆರೆಯ ನಮ್ಮ ಮನೆಯಲ್ಲಿ ಹೊಗಳುತ್ತ ಬಂದಿದ್ದೇನೆ. ಅದೂ ಹೆಂಡತಿ ಮಾಡಿದ ಮೀನಿನ ಸಾರು ಉಣ್ಣುತ್ತ. "ಹೊಳೆ ಮೀನೇ ಬೇರೆ ಕಣೇ. ಬಾಯಿಗಿಟ್ರೆ ಕರಗೋದು. ಒಂದು ಮುಳ್ಳು ಸಿಕ್ತಿರಲಿಲ್ಲ." ಮೊನ್ನೆ ಅವಳು ಸೌಟು ಕೆಳಗಿಟ್ಟಳು. "ಹಾಗಾದ್ರೆ ನೀವೇ ಹಿಡ್ಕೊಂಡು ಬನ್ನಿ. ಆ ರುಚಿ ಬರದಿದ್ರೆ ಇನ್ಮೇಲೆ ಊಟದ ಹೊತ್ತಲ್ಲಿ ನಿಮ್ಮತ್ತೆ ಹೆಸರು ಎತ್ತಕೂಡದು." ಅತ್ತೆ ಮಾವ ಇಬ್ಬರೂ ಹೋಗಿ ಬಹಳ ಕಾಲವಾಯಿತು. ಅವರ ಮಾತಾಡಲು ನನಗಿದ್ದದ್ದು ಅದೊಂದೇ ಹೊತ್ತು.

ಮಾವ ಕಲಿಸಿದ್ದು ನನಗಿನ್ನೂ ಬಾಯಿಪಾಠ. ಹುಂಜದ ಕುತ್ತಿಗೆಯ ಗರಿಯನ್ನು ಗಾಳಕ್ಕೆ ಹುಳುವಿನ ಹಾಗೆ ಸುತ್ತಬೇಕು. ಆಳದ ನೀರು ರಭಸವಾಗಿ ಓಡುವಾಗ ಮೀನು ತಳ ಹಿಡಿದಿರುತ್ತದೆ, ಗರಿಯೋ ಮೇಲೇ ತೇಲಿಹೋಗುತ್ತದೆ. ಅದಕ್ಕೇ ದಾರಕ್ಕೊಂದು ಸೈಕಲ್ ನಟ್ಟು ಕಟ್ಟಿ, ಹೊಳೆಯ ಮೇಲುಗಡೆಗೆ ಎಸೆದು, ದಾರ ಇಳಿದು ಬಂದಂತೆ ಕೋಲನ್ನೂ ಸರಿಸುತ್ತ ಹೋಗಬೇಕು. "ನೀರು ಹೋದಂಗೆ ನೀನೂ ಹೋಗ್ಲಾ, ಎಳೀಬ್ಯಾಡ" ಎನ್ನುತ್ತಿದ್ದರು. ಹಸಿವು ತಾಳಲಾರದೆ ನಾನು ಮೊದಲೇ ಮನೆಗೆ ಓಡುತ್ತಿದ್ದೆ. ಮೀನು ಹಿಡಿದು ತರುವ ಕೆಲಸ ಅವರದು.

ಭಾನುವಾರ ಬೇಲೂರಿನ ಬಸ್ಸು ಹತ್ತಿ ಮಾವ ಗಾಳ ಹಾಕುತ್ತಿದ್ದ ಯಗಚಿ ಹೊಳೆಯ ದಂಡೆಗೆ ಹೋದೆ. ಎರಡನೇ ಸಲ ಎಸೆದಾಗಲೇ ದಾರ ಬಿಗಿಯಿತು. ತಡೆಯಲಾರದೆ ಮನೆಗೆ ಫೋನ್ ಮಾಡಿ, "ಖಾರ ಅರೆದಿಡು, ದೊಡ್ಡದೇ ಬಿದ್ದಿದೆ" ಎಂದೆ. ಅರ್ಧ ಗಂಟೆ ಗುದ್ದಾಡಿದ ಮೇಲೆ ಅದು ಬಂಡೆ ಎಂದು ಗೊತ್ತಾಯಿತು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, "ಆ ಬಂಡೆ ಎಲ್ರಿಗೂ ಬೀಳ್ತೈತೆ ಬಿಡಿ ಸ್ವಾಮಿ" ಎಂದು ಸಮಾಧಾನ ಹೇಳಿದಳು.

ಬರಿಗೈಲಿ ಮನೆಗೆ ಬಂದೆ. ಅರೆದ ಖಾರ ದಂಡವಾಗಬಾರದೆಂದು ಹೆಂಡತಿ ಅದಕ್ಕೆ ಬದನೆಕಾಯಿ ಸೀಳಿ ಹಾಕಿದ್ದಳು. ಮುದ್ದೆಯ ಮೊದಲ ತುತ್ತು ನುಂಗಿ ತಟ್ಟೆಯನ್ನು ಇನ್ನೊಮ್ಮೆ ನೋಡಿದೆ. ಅದೇ ಹುಳಿ, ಅದೇ ಖಾರ. ಬಾಯಲ್ಲಿ ಕರಗಿತು. ಮುಳ್ಳು ಇರಲಿಲ್ಲ. ಬುಡ್ಡಿ ದೀಪದ ಮಂಕಿನಲ್ಲಿ ಅತ್ತೆ, "ಉಣ್ಣಪ್ಪ, ನಿಮ್ಮಾವ ಹಿಡ್ದಿದ್ದು" ಎಂದು ಬಡಿಸುತ್ತಿದ್ದದ್ದೂ, ಪಕ್ಕದಲ್ಲಿ ಮಾವ ತಲೆ ಎತ್ತದೆ ಉಣ್ಣುತ್ತಿದ್ದದ್ದೂ ಒಟ್ಟಿಗೇ ನೆನಪಾದವು.

"ಹೇಗಿದೆ? ನಿಮ್ಮತ್ತೆ ಸಾರಿನ ರುಚಿ ಬಂತಾ?" ಎಂದಳು.

ಬದನೆಕಾಯಿಗೇ ಬಂತು ಎಂದರೆ ಮಾವನ ಮಾನ ಹೋಗುತ್ತಿತ್ತು. "ಎಲ್ಲಿ ಬರುತ್ತೆ ಕಣೇ" ಎಂದೆ.

"ಹಾಗಾದ್ರೆ ಇನ್ಮೇಲೆ ಅವರ ಹೆಸರು ಎತ್ತೋ ಹಾಗಿಲ್ಲ."

"ಇಲ್ಲ" ಎಂದು ಇನ್ನೊಂದು ಸೌಟು ಬಡಿಸಿಕೊಂಡು, ತಲೆ ಎತ್ತದೆ ಉಂಡೆ.