ಬ್ಯಾಸಗಿ ಟೈರಿನ ಪರೀಕ್ಷಾ

ಬೈಲಹೊಂಗಲದಾಗ ಟೈರಿನ ಅಂಗಡಿ ಇಟ್ಟು ಕುಂತಂವಗ ನಗಾಕ ಬ್ಯಾರೆ ನಾಟಕ ಬೇಕಾಗೂದಿಲ್ಲ, ಗಿರಾಕಿ ಬಂದ್ರ ಸಾಕು. ತೊಂಬತ್ತರ ದಶಕದ ಕಡೀಕ, ಬಿಸಲಿಗಂತನ ಮಾಡಿದ ಹೊಸಾ ಟೈರು ಮಾರಾಕ ನಿಂತಿದ್ದೆ. "ಎರಡು ಬ್ಯಾಸಗಿ ನೋಡತೇವಿ. ಜನ ಛಲೋ ಅಂದ್ರ ಏಜೆನ್ಸಿ ನಿಮಗ, ಇಲ್ಲಂದ್ರ ಬ್ಯಾರೇದವ್ರಿಗೆ" ಅಂತ ಕಂಪನಿ ಸಾಹೇಬ್ರು ಮೊದಲ ಹೇಳಿಬಿಟ್ಟಿದ್ರು. ಮನಿಯಾಗ ಬ್ಯಾಡ ಬ್ಯಾಡ ಅಂದ್ರೂ ಅಪ್ಪನ ಕಿರಾಣಿ ಅಂಗಡಿ ಮುಚ್ಚಿ ಇದಕ್ಕ ಇಳದಂವ ನಾ.

ಗೌಡ್ರ ಪರೀಕ್ಷಾ

ಯರಗಟ್ಟಿ ಕಡಿಂದ ಒಬ್ಬ ಗೌಡ್ರು ಬಂದ್ರು, ಜೀಪಿಗೆ ಟೈರು ಬೇಕಾಗಿತ್ತು. ನನ್ನದೊಂದು, ಬಾಜೂ ಅಂಗಡಿದೊಂದು ಬಾಗಲದಾಗ ನಿಂದ್ರಿಸಿ, ಎತ್ತು ಕೊಳ್ಳಾಕ ಬಂದವ್ರಂಗ ಸುತ್ತ ತಿರುಗಿದ್ರು, ತಟ್ಟಿದ್ರು, ಮೂಸಿದ್ರು. ಕಡೀಕ ನನ್ನದಕ್ಕ ಬಲಗಾಲಿಲೆ, ಅವಂದಕ್ಕ ಎಡಗಾಲಿಲೆ ಜಾಡಿಸಿ ಒದ್ದು, ಎರಡೂ ಕಾಲು ಹಿಡಕೊಂಡು ಕಟ್ಟಿ ಮ್ಯಾಲ ಕುಂತ್ರು.

"ಯಾವುದು ಗಟ್ಟಿ ಐತ್ರಿ ಗೌಡ್ರ?"

"ನಿಂದ ಗಟ್ಟಿ ಐತಿ ತಮ್ಮಾ. ಬಲಗಾಲ ಹೆಬ್ಬಟ್ಟ ಜಾಸ್ತಿ ಬಾತೈತಿ."

ದೊಡ್ಡ ಮನಸಿನ ಡ್ರೈವರ

ಸವದತ್ತಿ-ರಾಮದುರ್ಗ ಟ್ಯಾಕ್ಸಿ ಹೊಡಿಯೂ ಡ್ರೈವರ ಒಬ್ಬಂವಗ ಹೇಳಿ, ಗಾಡಿ ಎಡಕ್ಕ ನನ್ನ ಟೈರು, ಬಲಕ್ಕ ಬ್ಯಾರೆ ಕಂಪನೀವು ಹಾಕಿಸಿದೆ. ಬ್ಯಾಸಗಿ ಮುಗಿಯೂದ್ರಾಗ ನನ್ನವ ಹೆಚ್ಚು ಸವದಿದ್ದೂವು. ಏನಾಗಾಕ ಹತ್ತೈತಿ ನೋಡೂಣು ಅಂತ ಒಂದಿನ ಅವನ ಬಾಜೂಕ ಕುಂತು ಹೋದೆ.

ಒಂದ ಗಾಡಿ ಹಿಡಸೂವಷ್ಟ ಡಾಂಬರ ರಸ್ತೆ. ಎದುರಿಗೆ ಏನರ ಬಂದ್ರ ಯಾರರ ಒಬ್ಬರು ಎಡಕ್ಕ ಖಡಿ ಕಲ್ಲಿನ ಮ್ಯಾಲ ಇಳೀಬೇಕು. ಇಂವ ಬಸ್ಸಿಗೆ ಇಳದ, ಚಕ್ಕಡಿಗೆ ಇಳದ, ಸೈಕಲ್ಲಿಗೂ ಇಳದ. ದಿನಾ ಖಡ್ಯಾಗ ತೇಯೂ ಪಾಳಿ ನನ್ನ ಟೈರಿಗೆ ಬಂದಿತ್ತು. ಮುಂದ ಒಂದ ನಾಯಿ ಬಂತು, ಅದಕ್ಕೂ ಇಳದ.

"ನಾಯಿಗೂ ದಾರಿ ಬಿಡತೀಯಲ್ಲೋ ಮಾರಾಯಾ?"

"ದಿನಾ ಈ ಹೊತ್ತಿಗೆ ಬರತೈತ್ರಿ. ಗುರ್ತದ್ದು."

ಮಾಸ್ತರರ ಸಾಕ್ಷಿ

ಎರಡನೇ ಬ್ಯಾಸಗಿ ಮುಗೀತು. ಸಾಹೇಬ್ರು ಬಂದು ಟ್ಯಾಕ್ಸಿ ಟೈರು ನೋಡಿ ಮಾರಿ ಸಣ್ಣದು ಮಾಡಿದ್ರು. ಖಡಿ ಕತಿ ಹೇಳಿದೆ, ನಂಬಲಿಲ್ಲ. ಏಜೆನ್ಸಿ ಹ್ವಾದಂಗನ ಅಂತ ನಾ ಕೈ ಚೆಲ್ಲಿ ನಿಂತಿದ್ದೆ. ಅಷ್ಟರಾಗ ದೊಡವಾಡ ಬಸ್ಸಿಳದು ಒಬ್ಬ ರಿಟೈರ್ಡ್ ಮಾಸ್ತರು ಬಂದ್ರು. ಮೊದಲನೇ ಬ್ಯಾಸಗಿ ಹತ್ತೂ ಮುಂದ ನಾಕು ಟೈರು ಬಸ್ಸಿನ ಮ್ಯಾಲ ಹೇರಿಕೊಂಡು ಹೋದವ್ರು.

ಯಾರೂ ಕೇಳದನ ಶುರು ಮಾಡಿದ್ರು: "ಎರಡು ಬ್ಯಾಸಗಿ ಆತ್ರಿ, ಕೂದಲೆಳಿಯಷ್ಟು ಸವದಿಲ್ಲ. ಒಂದ ಪಂಕ್ಚರ್ ಇಲ್ಲ, ಒಂದ ಸೀಳಿಲ್ಲ. ಇಂಥಾ ಟೈರು ನಾ ನೋಡಿಲ್ಲ."

ಸಾಹೇಬ್ರ ಮಾರಿ ಅರಳಿತು. "ಮಾಸ್ತರು ಸುಳ್ಳು ಹೇಳ್ತಾರೇನ್ರಿ?" ಅಂತ ಅಲ್ಲೇ ಕಾಗದ ತಗದು ಸಹಿ ಹಾಕಿ, ಏಜೆನ್ಸಿ ನನ್ನ ಕೈಯಾಗ ಕೊಟ್ರು. ಖುಷಿಗೆ ನನ್ನ ಕಣ್ಣಾಗ ನೀರ ಬಂದೂವು. ಪೆನ್ನು ಕಿಸೇದಾಗ ಇಟ್ಟಕೋತ ಸಾಹೇಬ್ರು ಸುಮ್ಮ ಮಾತಿಗೆ ಕೇಳಿದ್ರು:

"ನಿಮ್ಮದು ಯಾವ ಕಾರ್ರಿ ಮಾಸ್ತರ?"

"ಕಾರು ಇನ್ನ ಮ್ಯಾಲ ತಗೋಬೇಕ್ರಿ. ಮೊದಲ ಟೈರು ಬಿಸಲಿಗೆ ತಡೀತಾವೋ ಇಲ್ಲೋ ನೋಡೂಣು ಅಂತ, ಮಾಳಿಗಿ ಮ್ಯಾಲ ಮೆಣಸಿನಕಾಯಿ ಬಾಜೂಕ ಒಣಾಕ ಇಟ್ಟೇನಿ."